ಬೆರಳ ತುದಿಯವರೆಗಿನ ಹಳಿ

ಜೀವಕೋಶದೊಳಗೂ ಒಂದು ಅಸ್ಥಿಪಂಜರ ಇದೆ ಎಂದು ಪಾಠ ಮಾಡುವುದು ನನ್ನ ಹೊಟ್ಟೆಪಾಡು. ಮಾಲೂರಿನಿಂದ ಬೆಳಗಿನ ರೈಲಿನಲ್ಲಿ ನಿಂತೇ ಬೆಂಗಳೂರಿಗೆ ಹೋಗಿ, ನಿಂತೇ ಪಾಠ ಹೇಳಿ, ಸಂಜೆ ನಿಂತೇ ವಾಪಸು ಬರುವ ಹೆಂಗಸು ನಾನು. ಮಂಡಿ ಸವೆದಿದೆ, ಪಾಠ ಮಾತ್ರ ಸವೆದಿಲ್ಲ. ಅದೇ ಬೋರ್ಡು, ಅದೇ ಚಿತ್ರ. ಮೂರು ಬಗೆಯ ಪ್ರೋಟೀನ್ ಎಳೆಗಳು: ಕೋಶಕ್ಕೆ ಆಕಾರ ಕೊಟ್ಟು, ಅದು ತೆವಳುವಂತೆ ಮಾಡುವ ತೆಳ್ಳಗಿನ ಆಕ್ಟಿನ್, ಎಳೆದಾಟ ತಡೆದುಕೊಳ್ಳುವ ನಡುಗಾತ್ರದ ಎಳೆಗಳು, ಇನ್ನು ಎಲ್ಲಕ್ಕಿಂತ ದಪ್ಪನೆಯ ಟೊಳ್ಳು ಕೊಳವೆಗಳು, ಸೂಕ್ಷ್ಮನಾಳಿಕೆಗಳು. ಹಿಂದಿನ ಬೆಂಚಿನವರು ಆಕಳಿಸುತ್ತಾರೆ. ನಾನೂ ಒಂದು ಆಕಳಿಕೆ ನುಂಗಿಕೊಂಡು ಗಂಟೆ ಹೊಡೆಯುವುದನ್ನು ಕಾಯುತ್ತೇನೆ.

ಈ ಪಾಠ ನಮ್ಮಕ್ಕನ ಕೈಬೆರಳಿಗೆ ಬಂದು ಕೂರುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಅಕ್ಕ ಇರುವುದು ಕ್ಯಾಲನೂರಿನಲ್ಲಿ, ಮಗ ಸೊಸೆಯ ಜೊತೆ. ಮನೆಯಲ್ಲಿ ಎರಡು ಸೀಮೆಹಸು, ಎರಡು ಹೊತ್ತೂ ಡೈರಿಗೆ ಹಾಲು. ಹಸುವಿನ ವಿಷಯದಲ್ಲಿ ಅಕ್ಕನ ಬೆರಳು ಅಂದರೆ ಬೆರಳು. ಕೆಚ್ಚಲು ಬಾವು ಬರುವ ಮುಂಚೆಯೇ ತೊಟ್ಟು ಮುಟ್ಟಿ, "ಯಾಕೋ ಕಾವು ಜಾಸ್ತಿ ಐತೆ" ಅನ್ನುತ್ತಿದ್ದಳು. ಸೊಸೆ ಹತ್ತು ಸಲ ಮುಟ್ಟಿದರೂ ಸಿಗದ ಕಾವು ಇವಳಿಗೆ ಒಂದೇ ಸಲಕ್ಕೆ ಸಿಗುತ್ತಿತ್ತು. ಅದರ ಬಗ್ಗೆ ಅಕ್ಕನಿಗೆ ಸ್ವಲ್ಪ ಜಂಬವೂ ಇತ್ತು, ಇರಲಿ ಬಿಡಿ.

ಅವಳಿಗೆ ಅಂಡಾಶಯದ ಕ್ಯಾನ್ಸರ್ ಆಯಿತು. ಆಪರೇಷನ್ ಆಗಿ, ಆಮೇಲೆ ಕಿಮೋ ಶುರುವಾಯಿತು. ಹಿಂದಿನ ದಿನ ನನ್ನ ಮನೆಗೆ ಬಂದು ಮಲಗುತ್ತಿದ್ದಳು, ಬೆಳಿಗ್ಗೆ ಇಬ್ಬರೂ ಬೆಂಗಳೂರಿನ ಆಸ್ಪತ್ರೆಗೆ ರೈಲು ಹತ್ತುತ್ತಿದ್ದೆವು. ನನ್ನ ರಜೆಗಳೆಲ್ಲ ಹಾಗೇ ಕರಗಿದವು. ರೋಗಿಯ ಸುಸ್ತು ಊರಿಗೆಲ್ಲ ಕಾಣುತ್ತದೆ, ಜೊತೆಗೆ ಓಡಾಡುವವರ ಸುಸ್ತನ್ನು ಕೇಳುವವರಿಲ್ಲ. ಹೀಗಂದರೆ ಕೆಟ್ಟವಳು ಅನ್ನಿಸಿಕೊಳ್ಳಬೇಕು, ಅದಕ್ಕೇ ಅಲ್ಲೆಲ್ಲೂ ಅನ್ನಲಿಲ್ಲ. ಇಲ್ಲಿ ಅನ್ನುತ್ತಿದ್ದೇನೆ.

ಒಂದು ಸಲ ರೈಲಿನಲ್ಲಿ ಅಕ್ಕ ಕೇಳಿದಳು: "ಲೇ, ಅಷ್ಟು ಓದಿದ್ದೀಯಲ್ಲ, ಆ ಬಾಟ್ಲಿ ನೀರು ಒಳಗೋಗಿ ಏನ್ ಮಾಡ್ತದೆ ಹೇಳು."

"ನಮ್ಮ ಕೋಶದೊಳಗೆ ಕೊಳವೆ ಕೊಳವೆ ಎಳೆಗಳಿರ್ತವೆ. ಅಸ್ಥಿಪಂಜರ ಅಂತೀವಿ, ಆದ್ರೆ ಮೂಳೆ ಥರ ನಿಂತಿರಲ್ಲ. ಮದುವೆ ಚಪ್ಪರ ಇದ್ದಂಗೆ, ಬೇಕಾದಾಗ ಕಟ್ತವೆ, ಬೇಡ ಅಂದ್ರೆ ಬಿಚ್ತವೆ. ಕೋಶ ಒಂದಿದ್ದಿದ್ದು ಎರಡಾಗ್ಬೇಕಾದ್ರೆ ಹಳೇದನ್ನ ಬಿಚ್ಚಿ, ಅದೇ ಗಳುಗಳಲ್ಲಿ ಹೊಸದು ಕಟ್ಕೋಬೇಕು. ಒಳಗಿರೋ ವರ್ಣತಂತುಗಳನ್ನ ಎರಡು ಪಾಲು ಮಾಡಿ ಆ ಕಡೆ ಈ ಕಡೆ ಎಳೆಯೋದು ಆ ಹೊಸ ಚಪ್ಪರಾನೇ. ಈ ಔಷಧಿ ಹೋಗಿ ಕಟ್ಟುಗಳನ್ನ ಬಿಚ್ಚೋಕಾಗದಂಗೆ ಬಿಗಿದುಬಿಡ್ತದೆ. ಕ್ಯಾನ್ಸರ್ ಕೋಶ ಎರಡಾಗೋಕೆ ಹೋಗಿ ಅಲ್ಲೇ ಸಿಕ್ಕಾಕ್ಕೊಂಡು ಸಾಯ್ತದೆ. ಕೂದಲ ಬೇರಿನ ಕೋಶಗಳೂ ಬೇಗ ಬೇಗ ಎರಡಾಗ್ತವಲ್ಲ, ಅದಕ್ಕೇ ನಿನ್ನ ಕೂದಲು ಹೋಗಿದ್ದು."

"ಹೋದ್ರೆ ಹೋಗ್ಲಿ. ಬಿಗೀಲಿ, ಚೆನ್ನಾಗಿ ಬಿಗೀಲಿ," ಅಂದಳು ಅಕ್ಕ, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು.

ಹಾಲು ಕರೆಯಬೇಡ ಎಂದರೆ ಕೇಳುವ ಜಾತಿಯಲ್ಲ ಅವಳು. ಸ್ವಲ್ಪ ಚೇತರಿಸಿಕೊಂಡರೆ ಸಾಕು, ಹಸುವಿನ ಹತ್ತಿರ. ಕೆಲವು ವಾರಗಳ ನಂತರ ಫೋನಿನಲ್ಲಿ ಹೊಸ ದೂರು ಶುರುವಾಯಿತು. ಕೆಂಪು ಹಸು, ಕರು ಹಾಕಿದಾಗಿನಿಂದ ಯಾರಿಗೂ ಕಾಲೆತ್ತದ ಸಾಧು, ಒದೆಯುತ್ತಿದೆಯಂತೆ. ಹಾಲಿನ ಕೊಡಪಾನ ಉರುಳಿಸಿತಂತೆ. ಯಾರದೋ ದೃಷ್ಟಿ ತಾಗಿದೆ ಎಂದು ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದಾಯಿತು. ಕೊಂಬಿಗೆ ಕರಿದಾರ ಕಟ್ಟಿದ್ದಾಯಿತು. ದನದ ಡಾಕ್ಟರು ಬಂದು ನೋಡಿ, ಹಸು ಚೆನ್ನಾಗೇ ಇದೆ ಎಂದು ಹೋದರು.

ಒಂದು ಭಾನುವಾರ ನಾನು ಹೋದಾಗ ಅಕ್ಕ ಹಾಲು ಕರೆಯಲು ಕೂತಿದ್ದಳು. ಅವಳು ಹಸುವಿನ ಹತ್ತಿರ ಯಾವಾಗಲೂ ತೆಲುಗಿನಲ್ಲೇ ಮಾತಾಡುವುದು. "ಆಗವೇ ತಲ್ಲೀ, ಆಗವೇ," ನಿಲ್ಲೇ ತಾಯಿ ಎಂದು ಬೇಡಿಕೊಳ್ಳುತ್ತಿದ್ದಳು. ಹಸು ಝಾಡಿಸಿ ಒದೆಯಿತು. ಸೊಸೆ ಬಂದು ಅದೇ ಜಾಗದಲ್ಲಿ ಕೂತಳು. ಹಸು ಬಾಲ ಕೂಡ ಅಲ್ಲಾಡಿಸದೆ ಮೆಲುಕು ಹಾಕುತ್ತಾ ನಿಂತಿತು. ನಾನು ಅಕ್ಕನ ಬೆರಳು ನೋಡಿದೆ. ಉಗುರಿನ ಕೆಳಗೆ ಸುಟ್ಟ ಬೊಬ್ಬೆ ಇತ್ತು.

"ಇದೇನಕ್ಕಾ?"

"ಒಲೆ ತಾಗಿರ್ಬೇಕು. ಗೊತ್ತಿಲ್ಲ."

ಸುಟ್ಟದ್ದು ಗೊತ್ತಿಲ್ಲ ಅಂದರೆ ಏನರ್ಥ? ಜಗುಲಿಯ ಮೇಲೆ ಹುಣಸೆಹಣ್ಣು ಬಿಡಿಸಿದ ಬೀಜಗಳು ಬಿದ್ದಿದ್ದವು. ಕಣ್ಣು ಮುಚ್ಚು ಎಂದು ಹೇಳಿ, ಅವಳ ಹೆಬ್ಬೆರಳು ತೋರುಬೆರಳ ನಡುವೆ ಒಂದು ಬೀಜ ಇಟ್ಟು ಒತ್ತಿದೆ.

"ಏನಿದು ಹೇಳು."

ಅಕ್ಕ ಕಾದಳು. ಆಮೇಲೆ, "ಇನ್ನೂ ಏನೂ ಇಟ್ಟಿಲ್ವಲ್ಲೇ?" ಅಂದಳು.

ಅವಳಿಗೆ ಎಲ್ಲಾ ಗೊತ್ತಿತ್ತು. ಮೊದಲು ಕಾಲ್ಬೆರಳು ಜೋಮು ಹಿಡಿದದ್ದು, ಆಮೇಲೆ ಕೈ. ಹೇಳಿದರೆ ಡಾಕ್ಟರು ಔಷಧಿ ನಿಲ್ಲಿಸಿಬಿಡುತ್ತಾರೆ ಎಂಬ ಹೆದರಿಕೆಗೆ ಬಾಯಿ ಬಿಟ್ಟಿರಲಿಲ್ಲ. ಎಷ್ಟು ಒತ್ತುತ್ತಿದ್ದೇನೆ ಎಂದು ತಿಳಿಯದೆ ತೊಟ್ಟು ಹಿಂಡಿದರೆ ಹಸು ಒದೆಯದೆ ಇನ್ನೇನು ಮಾಡೀತು? "ಕುಣಿಯಲಾರದವಳು ನೆಲ ಡೊಂಕು ಅಂದಂಗಾಯ್ತು. ಪಾಪ, ಎಷ್ಟು ಬೈದೆ ಅದಕ್ಕೆ," ಎಂದು ಅಳುತ್ತಾ ಕೂತಳು. ನನಗೆ ಅವಳ ಮೇಲೆ ಕೆಂಡದಂಥ ಕೋಪ ಬಂತು. ಅವಳ ಪಕ್ಕದಲ್ಲೇ ಕೂತು ನಾನೂ ಅತ್ತೆ.

ಮುಂದಿನ ಸಲ ರೈಲಿನಲ್ಲಿ ಪಾಠದ ಇನ್ನರ್ಧ ಹೇಳಬೇಕಾಯಿತು. ನರದ ಕೋಶ ಎರಡಾಗುವುದಿಲ್ಲ, ಆದರೆ ಅದರೊಳಗೂ ಅವೇ ಕೊಳವೆಗಳಿವೆ, ಅಲ್ಲಿ ಅವು ಹಳಿಗಳು. ಬೆನ್ನುಹುರಿಯ ಪಕ್ಕದಿಂದ ಬೆರಳ ತುದಿಯವರೆಗೆ ಒಂದೇ ಕೋಶದ ಬಾಲ. ಬೇಕಾದ ಸರಕೆಲ್ಲ ತಯಾರಾಗುವುದು ಹೆಚ್ಚಾಗಿ ಬೆನ್ನಿನ ಹತ್ತಿರ. ಹಳಿಯ ಮೇಲೆ ನಡೆಯುವ ಪ್ರೋಟೀನ್‌ಗಳು ಅದನ್ನು ಹೊತ್ತು, ಒಂದೊಂದೇ ಹೆಜ್ಜೆ ಇಡುತ್ತಾ ತುದಿಗೆ ಮುಟ್ಟಿಸಬೇಕು.

"ಅಯ್ಯೋ ಪಾಪ, ಕೂಲಿಗಳು," ಅಂದಳು ಅಕ್ಕ.

"ಕೂಲಿಗಳೇ. ಔಷಧಿ ಹಳಿಗಳನ್ನೂ ಬಿಗಿದುಬಿಡ್ತದೆ. ಸಾಗಾಟ ಕೆಟ್ಟರೆ ಮೊದಲು ಒಣಗೋದು ಕೊನೇ ಸ್ಟೇಷನ್ನು. ಅದಕ್ಕೇ ಕಾಲ್ಬೆರಳು, ಕೈಬೆರಳು."

ಆಸ್ಪತ್ರೆಯಲ್ಲಿ ಎಲ್ಲಾ ಹೇಳಿದೆವು. ಡಾಕ್ಟರು ಗದರಲಿಲ್ಲ, ಮೊದಲೇ ಹೇಳಬೇಕಿತ್ತಮ್ಮಾ ಅಂದರು. ಔಷಧಿ ನಿಲ್ಲಿಸದೆ ಪ್ರಮಾಣ ಇಳಿಸಿದರು. ಸ್ಪರ್ಶ ವಾಪಸು ಬರುತ್ತದಾ ಎಂದು ನಾನು ಕೇಳಿದೆ. ಎಷ್ಟೋ ಜನರಿಗೆ ನಿಧಾನವಾಗಿ ಬರುತ್ತದೆ, ಕೆಲವರಿಗೆ ಪೂರ್ತಿ ಬರುವುದಿಲ್ಲ, ಈಗಲೇ ಹೇಳಲಾಗದು ಅಂದರು.

ಕಿಮೋ ಮುಗಿಯಿತು. ಸ್ಕ್ಯಾನ್ ಚೆನ್ನಾಗಿ ಬಂತು. ಎಲ್ಲರೂ ಸಿಹಿ ತಿಂದರು, ಅಕ್ಕನೂ ಒಂದು ಚೂರು ಬಾಯಿಗೆ ಹಾಕಿಕೊಂಡಳು. ಹಾಲು ಕರೆಯುವ ಕೆಲಸ ಸೊಸೆಗೆ ಹೋಯಿತು. ಅಕ್ಕ ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತಿದ್ದಳು. "ಜೀವ ಉಳೀತಲ್ಲ, ಸಾಕು ಅಂತಾರೆ ಎಲ್ರೂ," ಅಂದಳು ಒಮ್ಮೆ. "ಸಾಕೇನೇ? ಗೋಡೆ ಮುಟ್ಟಿದ್ರೂ ಅಂಗೇ, ಹಸು ಮುಟ್ಟಿದ್ರೂ ಅಂಗೇ." ಹಳಿಗಳು ಮತ್ತೆ ಕಟ್ಟಿಕೊಳ್ಳುತ್ತವೆ ಅಕ್ಕಾ ಎಂದು ಹೇಳಿ ಹೇಳಿ ನನಗೇ ಆ ಮಾತಿನ ಮೇಲೆ ನಂಬಿಕೆ ಹೋಗಿತ್ತು. ಮಾವಿನ ಕಾಲ ಬಂದು ಹೋಯಿತು. ಹೊಲದಲ್ಲಿ ರಾಗಿ ಮೊಳೆಯಿತು. ಬೆರಳು ಹಾಗೇ ಇತ್ತು.

ಒಂದು ಸಂಜೆ ಬಾಗಿಲ ಹತ್ತಿರ ಜೋತುಬಿದ್ದು ನಿಂತಿದ್ದೆ. ರೈಲು ಸಿಗ್ನಲ್ ಇಲ್ಲದೆ ನಿಂತು ಬಹಳ ಹೊತ್ತಾಗಿತ್ತು. ಫೋನ್ ಬಡಿದುಕೊಂಡಿತು.

"ಲೇ, ನಮ್ಮ ದನದ ಡಾಕ್ಟ್ರು ಫೋನ್ ಎತ್ತುತಾ ಇಲ್ಲ. ಬೇರೆ ಯಾರಾದ್ರೂ ಇದ್ರೆ ನೋಡೇ."

"ನಾನು ರೈಲಲ್ಲಿ ಸಾಯ್ತಾ ಇದ್ದೀನಿ ಅಕ್ಕಾ. ಈಗ ಏನಾಯ್ತು ಹಸೂಗೆ?"

"ಕೆಂಪು ಹಸಿನ ಹಿಂದ್ಗಡೆ ತೊಟ್ಟು ಕಾವೇರೈತೆ, ಬಾವು ಬರೋ ಹಂಗೈತೆ. ಇವಳು ನೋಡಿದ್ರೆ ಏನೂ ಇಲ್ಲ ಅತ್ತೆ ಅಂತಾಳೆ. ಇವಳಿಗೇನು ಗೊತ್ತಾಗ್ತದೆ?"

"ಸರಿ, ಯಾರನ್ನಾದ್ರೂ ಕೇಳ್ತೀನಿ, ಇಡು," ಎಂದವಳು ಫೋನನ್ನು ಮತ್ತೆ ಕಿವಿಗೆ ಒತ್ತಿದೆ. "ಅಕ್ಕಾ, ಕಾವೇರೈತೆ ಅಂತ ನಿನಗೆ ಯಾರು ಹೇಳಿದ್ದು?"

"ಯಾರೇಳ್ಬೇಕು? ನಾನೇ ಈಗ ಮುಟ್ಟಿ..."

ಅಲ್ಲಿಗೆ ಮಾತು ನಿಂತಿತು. ಫೋನಿನಲ್ಲಿ ಹಸುವಿನ ಉಸಿರು ಮಾತ್ರ ಕೇಳುತ್ತಿತ್ತು.

"ಇರು, ಇಡಬೇಡ. ಇನ್ನೊಂದು ಕೈಲೂ ನೋಡ್ತೀನಿ," ಅಂದಳು. ಫೋನನ್ನು ನೆಲದ ಮೇಲಿಟ್ಟ ಸದ್ದಾಯಿತು. "ಆಗವೇ ತಲ್ಲೀ," ಅನ್ನುವುದು ದೂರದಿಂದ ಕೇಳಿಸಿತು. ನಾನು ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಕಂಬಿ ಹಿಡಿದುಕೊಂಡು ನಿಂತಿದ್ದೆ. ಮತ್ತೆ ಫೋನ್ ಎತ್ತಿದಾಗ ಅಕ್ಕ ಗಟ್ಟಿಯಾಗಿ ಅಳುತ್ತಿದ್ದಳು.

"ಈ ಕೈಗೂ ಬಿಸಿ ತಾಗ್ತೈತೆ ಕಣೇ."