ಇದ್ದಿಲು ಮತ್ತು ಸೋಯಾ ಸಾಸು

ನಮ್ಮ ಅಡುಗೆಮನೆಯ ಗೂಡಿನಲ್ಲಿ ಸೋಯಾ ಸಾಸಿನ ಶೀಸೆಯೂ ಇದ್ದಿಲು ತುಂಬಿದ ಕುಡಿಕೆಯೂ ಅಕ್ಕಪಕ್ಕದಲ್ಲಿವೆ. ಶೀಸೆ ನನ್ನದು, ಕುಡಿಕೆ ಅತ್ತೆಯದು. ಒಂದು ಮೊನ್ನೆ ಮೊನ್ನೆ ಬಂದದ್ದು, ಇನ್ನೊಂದು ಅತ್ತೆಯ ಅತ್ತೆಯ ಕಾಲದಿಂದ ಅಲ್ಲೇ ಕೂತದ್ದು. ಎರಡರದೂ ಒಂದೇ ಕಪ್ಪು ಎಂಬುದನ್ನು ಗಮನಿಸಲು ನನಗೆ ಒಂದು ಸಂಜೆ ಬೇಕಾಯಿತು. ಆ ಸಂಜೆಯನ್ನು ನಿಮಗೆ ನಿಧಾನವಾಗಿ ಹೇಳುತ್ತೇನೆ.

ಯುಗಾದಿಯ ಮರುದಿನವನ್ನು ನನ್ನ ತವರು ಮಡಕಶಿರಾದ ಕಡೆ ಹೊಸತೊಡಕು ಎನ್ನುತ್ತೇವೆ, ಇಲ್ಲಿ ರಾಯದುರ್ಗದಲ್ಲಿ ಕರಿ ಎನ್ನುತ್ತಾರೆ. ಹೆಸರು ಯಾವುದಾದರೂ ಓಣಿಯವರು ಕೂಡಿ ಕುರಿ ಕಡಿದು ಪಾಲು ಹಾಕಿಕೊಳ್ಳುವುದು, ಹೊತ್ತುಹೊತ್ತಿಗೂ ಅದೇ ಸಾರು ಉಣ್ಣುವುದು ತಪ್ಪದು. ಅದರ ಮಾರನೆಯ ದಿನ ಫ್ರಿಜ್ಜಿನ ಬಾಗಿಲು ತೆರೆದು, ಉಳಿದ ತುಂಡುಗಳ ಮುಂದೆ ನಿಂತಾಗ ಒಂದು ಬಗೆಯ ವೈರಾಗ್ಯ ಬರುತ್ತದೆ, ನಿಮಗೂ ಗೊತ್ತಿರಬಹುದು. ಅದಕ್ಕೆ ಈ ಸಲ ನಾನು ಕಂಡುಕೊಂಡ ಮದ್ದು ಚೈನೀಸ್. ಬೆಂದ ತುಂಡುಗಳನ್ನು ಸಾರಿನಿಂದ ಬಸಿದು, ಕಾರ್ನ್‌ಫ್ಲೋರಿನಲ್ಲಿ ಹೊರಳಿಸಿ ಕರಿದು, ಬೆಳ್ಳುಳ್ಳಿ, ಈರುಳ್ಳಿ, ದಪ್ಪ ಮೆಣಸಿನಕಾಯಿಯ ಜೊತೆ ದೊಡ್ಡ ಉರಿಯಲ್ಲಿ ಬಾಡಿಸಿ, ಕೊನೆಗೆ ಸೋಯಾ ಸಾಸು ಸುರಿದರೆ, ನಿನ್ನೆಯ ಹಬ್ಬ ಹೊಸ ಹೆಸರಿನಲ್ಲಿ ಎದ್ದು ಬರುತ್ತದೆ.

“ಇದೇನವ್ವಾ, ಖಂಡಕ್ಕ ಡಾಂಬರ್ ಹಚ್ಚೀಯೇನು?” ಎಂದರು ಅತ್ತೆ, ಬಾಣಲೆಗೆ ಇಣುಕಿ.

“ತಿಂದ್ ನೋಡಿ ಅತ್ತೆ, ಆಮೇಲ್ ಬಯ್ಯೋರಂತೆ.”

ಒಂದು ತುಂಡು ತಿಂದು, ಇನ್ನೊಂದಕ್ಕೆ ಕೈ ಚಾಚುತ್ತ, “ನಿಮ್ಮ ಮಾವಗೂ ಒಯ್ಯೋಣು, ಡಾಂಬರ್ ರುಚಿ ಅವರಿಗೂ ತಿಳೀಲಿ” ಎಂದರು.

ಮಾವ ಭೈರವಾನಿತಿಪ್ಪದ ದಾರಿಯ ಹೊಲದಲ್ಲಿ ಕುರಿಗಳ ಜೊತೆ ಇದ್ದರು. ಹೊತ್ತು ಮುಳುಗುವಾಗ ಮಾಂಸ ಮನೆಯಿಂದ ಹೊರಟರೆ ಗಾಳಿ ಸೋಕುತ್ತದೆಂದು ಅದರ ಮೇಲೊಂದು ಇದ್ದಿಲ ಚೂರು ಇಡುವುದು ನಮ್ಮವರ ಪದ್ಧತಿ. ಉಣ್ಣುವ ಮೊದಲು ಅದನ್ನು ತೆಗೆದು ಬೆನ್ನ ಹಿಂದೆ ಎಸೆಯುತ್ತಾರೆ. ಕೆಂಪು ಸಾರಿನಲ್ಲಿ ಆ ಕಪ್ಪು ಎದ್ದು ಕಾಣುತ್ತಿತ್ತು. ಯಾರೂ ಅದನ್ನು ಹುಡುಕಬೇಕಾಗಿ ಬಂದಿರಲಿಲ್ಲ. ಅತ್ತೆ ಎಂದಿನಂತೆ ಕುಡಿಕೆಗೆ ಕೈ ಹಾಕಿ, ಒಂದು ಚೂರು ಇಟ್ಟು ಡಬ್ಬಿಯ ಮುಚ್ಚಳ ಒತ್ತಿದರು. ನಾನು ಮೊಪೆಡ್ ಹೊರತೆಗೆದೆ.

ಹೊಲದ ದಾರಿಯ ಕುಲುಕಾಟದಲ್ಲಿ ಡಬ್ಬಿಯೊಳಗೆ ಏನು ಮೇಲಾಯಿತೋ ಏನು ಕೆಳಗಾಯಿತೋ. ನಾವು ಹೊಲ ಮುಟ್ಟಿದಾಗ ಬೆಳಕು ಪೂರ್ತಿ ಹೋಗಿರಲಿಲ್ಲ, ಪೂರ್ತಿ ಉಳಿದೂ ಇರಲಿಲ್ಲ. ಅತ್ತೆ ಮುಚ್ಚಳ ತೆಗೆದು, ಬೆರಳಿಗೆ ಗಟ್ಟಿಯಾಗಿ ಸಿಕ್ಕ ಕಪ್ಪು ಚೂರನ್ನು ಹಿಂದಕ್ಕೆ ಎಸೆದು, “ಉಣ್ರಿ ಇನ್ನ” ಎಂದರು. ಮಾವನಿಗೆ ದವಡೆ ಹಲ್ಲಿಲ್ಲ. ತುಂಡನ್ನು ರೊಟ್ಟಿಯಲ್ಲಿ ಸುತ್ತಿ, ಬಾಯಲ್ಲಿ ಒಂದಿಷ್ಟು ಹೊರಳಿಸಿ ನುಂಗುತ್ತಾರೆ.

ನಾನು ನೋಡುತ್ತಿದ್ದದ್ದು ಕುರಿ ಕಾಯುವ ನಾಯಿಯನ್ನು. ಅತ್ತೆ ಎಸೆದದ್ದನ್ನು ಅದು ಮೂಸಿತು, ಬಾಯಿಗೆ ಹಾಕಿಕೊಂಡಿತು, ಅಗಿಯಿತು, ಮೂತಿ ನೆಕ್ಕಿಕೊಂಡಿತು. ನಾಯಿ ಇದ್ದಿಲು ತಿನ್ನುವುದಿಲ್ಲ ಎಂಬ ಮಾತು ಬಹಳ ದೂರದಿಂದ ನಡೆದು ಬಂದಂತೆ ನನ್ನ ತಲೆಗೆ ಬಂತು. ಅದು ಬಂದು ಮುಟ್ಟುವಷ್ಟರಲ್ಲಿ ಮಾವನ ಕೈ ಗಂಟಲಿಗೆ ಹೋಗಿತ್ತು.

ಅವರು ಕೆಮ್ಮಲಿಲ್ಲ. ಬಾಯಿ ತೆರೆದಿತ್ತು, ಒಳಗಿಂದ ಸದ್ದಿಲ್ಲ. ಕಣ್ಣು ಮಾತ್ರ ನಮ್ಮಿಬ್ಬರನ್ನೂ ಒಬ್ಬೊಬ್ಬರಾಗಿ ಕೇಳುತ್ತಿತ್ತು.

“ನೆತ್ತಿಗ್ ಹತ್ತೇತಿ, ನೀರು ಕುಡೀರಿ, ನೀರು!” ಅತ್ತೆ ಅವರ ನೆತ್ತಿ ತಟ್ಟುತ್ತ ಚೊಂಬನ್ನು ಬಾಯಿಗೆ ತಂದರು.

“ನೀರ್ ಬ್ಯಾಡ ಅತ್ತೆ, ಬಿಡಿ, ಬಿಡಿ ಅವರ್ನ!”

ನಾನು ಹೊಲಿಯುವ ಜೀನ್ಸ್ ಘಟಕದಲ್ಲಿ ಇಂಥ ಹೊತ್ತಿಗೆ ಏನು ಮಾಡಬೇಕೆಂದು ಒಮ್ಮೆ ತೋರಿಸಿದ್ದರು. ಮಾವನನ್ನು ಮುಂದಕ್ಕೆ ಬಾಗಿಸಿ ಬೆನ್ನಿಗೆ ಗುದ್ದಿದೆ. ಏನೂ ಆಗಲಿಲ್ಲ. ಅವರ ಮುಂದೆ ಸೆರಗು ಸರಿಮಾಡಿಕೊಳ್ಳದೆ ಎಂದೂ ನಿಂತವಳಲ್ಲ ನಾನು. ಹಿಂದಿನಿಂದ ತಬ್ಬಿ, ಹೊಕ್ಕುಳಿನ ಮೇಲೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಎಳೆದೆ. ಅವರ ಭಾರ ನನ್ನ ತೋಳಿಗೆ ಇಳಿಯುತ್ತಿತ್ತು. ಮತ್ತೆ ಎಳೆದೆ. ಮಣ್ಣಿನ ಮೇಲೆ ಏನೋ ಬಿತ್ತು, ಅದರ ಹಿಂದೆಯೇ ಮಾವನ ಉಸಿರು ಹರಿದ ಬಟ್ಟೆಯ ಸದ್ದಿನಂತೆ ಒಳಗೆ ಹೋಯಿತು. ನಾಯಿ ಓಡಿ ಬಂದು ಬಿದ್ದದ್ದನ್ನು ಮೂಸಿ, ಮುಖ ತಿರುಗಿಸಿ ಹೋಯಿತು.

ಬಿದ್ದ ಇದ್ದಿಲ ಚೂರನ್ನು ನಾನು ಎತ್ತಿ ದೂರ ಎಸೆದೆ. ಆಮೇಲೆ ಅತ್ತೆ, “ಇದ್ದಿಲು ಇತ್ತಂತ ಉಳಕೊಂಡ್ರಿ” ಎಂದರು.

ಮಾವ ಗಂಟಲು ಸವರಿಕೊಂಡು, “ಇದ್ದಿಲು ಇತ್ತಂತನ ಹೊಂಟಿದ್ದೆನಲೇ” ಎಂದರು, ಹೊರಟೂ ಹೊರಡದ ದನಿಯಲ್ಲಿ. ಅತ್ತೆ ನಗಲು ಹೋಗಿ ಅತ್ತುಬಿಟ್ಟರು. ಅದೇ ಮೊಪೆಡ್ಡಿನಲ್ಲಿ ಮಾವನನ್ನು ಡಾಕ್ಟರ ಬಳಿ ಕರೆತಂದೆ. ಗಂಟಲು ಗೀರಿದೆ, ಬೇರೇನಿಲ್ಲ ಎಂದರು.

ಆ ಡಬ್ಬಿಯ ಬಗ್ಗೆ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅದರಲ್ಲಿ ಕೇಡು ಬಯಸಿದ್ದು ಯಾವುದೂ ಇರಲಿಲ್ಲ. ನಾಲಿಗೆಗೆ ಹೊಸತೊಂದು ಸಿಗಲೆಂದು ನಾನು ಸಾಸು ಸುರಿದೆ, ಮೈಗೆ ಏನೂ ಸೋಕದಿರಲೆಂದು ಅತ್ತೆ ಇದ್ದಿಲು ಇಟ್ಟರು. ಎರಡು ಅಕ್ಕರೆಗಳು ಒಂದನ್ನೊಂದು ಕೇಳದೆ ಒಂದೇ ಡಬ್ಬಿಯೊಳಗೆ ಸೇರಿ, ಒಂದರೊಳಗೊಂದು ಕಾಣದಂತಾದವು. ಯಾರ ಕಣ್ಣೂ ಬೀಳದಿರಲೆಂದು ಇಟ್ಟದ್ದು ನಮ್ಮ ಕಣ್ಣಿಗೇ ಬೀಳಲಿಲ್ಲ. ಗಾಳಿಯನ್ನು ನಾನು ನಂಬುವುದಿಲ್ಲ. ಆದರೆ ಅತ್ತೆ ಮುಚ್ಚಳ ಒತ್ತುವಾಗಿನ ಆ ಬೆರಳುಗಳನ್ನು ನಂಬದಿರುವುದು ನನ್ನಿಂದ ಆಗದು.

ಗಂಟಲು ಮಾಗಿದ ಮೇಲೆ ಮಾವನೇ ಹೇಳಿ ಕಳಿಸಿದರು: “ಆ ಡಾಂಬರ್ ಖಂಡ ಇನ್ನೊಮ್ಮೆ ಮಾಡವ್ವಾ.” ಮಾಡಿದೆ. ಡಬ್ಬಿ ತುಂಬಿದ ಮೇಲೆ ಅತ್ತೆ ಕುಡಿಕೆಯ ಕಡೆ ನೋಡಿದರು, ನನ್ನ ಕಡೆ ನೋಡಿದರು, ಕೈ ಹಾಕಲಿಲ್ಲ. ನಾನೇ ಒಂದು ಚೂರು ತೆಗೆದು, ಜೀನ್ಸ್ ಹೊಲಿಯುವ ಹಳದಿ ದಾರದಿಂದ ಡಬ್ಬಿಯ ಹಿಡಿಗೆ, ಹೊರಗಡೆ, ಬಿಗಿಯಾಗಿ ಕಟ್ಟಿದೆ.

ಈಗ ಗೂಡಿನಲ್ಲಿ ಶೀಸೆಯೂ ಕುಡಿಕೆಯೂ ಮೊದಲಿನ ಹಾಗೆಯೇ ಅಕ್ಕಪಕ್ಕದಲ್ಲಿವೆ. ಕುಡಿಕೆಯಲ್ಲಿರುವ ಒಂದೊಂದು ಇದ್ದಿಲಿಗೂ ಅತ್ತೆ ಹಳದಿ ದಾರ ಸುತ್ತಿಟ್ಟಿದ್ದಾರೆ.