ಕಿಟಕಿ ಕೆಳಗಿನ ಡ್ರಾಯರ್

“ಕಿಟಕಿ ಕೆಳಗೆ ಆ ಖಾಲಿ ಜಾಗ ಎಂತಕ್ಕೆ? ಅಲ್ಲಿ ಡ್ರಾಯರ್ ಹಾಕು,” ಎಂದು ನಕ್ಷೆ ಬಿಡಿಸುತ್ತಿದ್ದ ನಯನಾಳ ಕೈಯಿಂದ ಪೆನ್ಸಿಲ್ ಕಿತ್ತುಕೊಂಡೆ.

“ಯಶೋದಕ್ಕ ಅಲ್ಲೇ ಕೂತು ಹೆಚ್ಚೋದು ಕಣೋ. ಮೆಟ್ಟುಕತ್ತಿ ಇಡಕ್ಕೆ ಜಾಗ ಬೇಡ್ವಾ?”

“ಮೆಟ್ಟುಕತ್ತಿ ಎಲ್ಲ ಹಳೇದಾಯ್ತು ಮಾರಾಯ್ತಿ. ನಿಂತ್ಕಂಡು ಹೆಚ್ಚಲಿ.”

“ನಿನ್ನಮ್ಮ ನಿಂತ್ಕಂಡು ಹೆಚ್ತಾರಾ?”

“ನಮ್ಮಮ್ಮನ ಅಡುಗೆಮನೆ ಪ್ರಾಜೆಕ್ಟ್ ಅಲ್ಲ ಇದು.”

ಗುಂಪಿನ ಉಳಿದಿಬ್ಬರು ನಕ್ಕರು. ನಾನು ಗೆರೆ ಎಳೆದೇಬಿಟ್ಟೆ.

ಸಾಗರದಲ್ಲಿ ಇಂಟೀರಿಯರ್ ಡಿಸೈನ್ ಕೋರ್ಸ್ ಮಾಡುತ್ತಿದ್ದೆವು. ನಾನು ಹತ್ತನೇ ಕ್ಲಾಸ್ ಫೇಲ್. ತಾಳಗುಪ್ಪದಲ್ಲಿ ಮಾವನ ಜೊತೆ ಮರಗೆಲಸ ಮಾಡಿ ಬಂದವನು. ನಯನಾ ತೀರ್ಥಹಳ್ಳಿಯವಳು, ನಕ್ಷೆ ಚೆನ್ನಾಗಿ ಬಿಡಿಸುತ್ತಿದ್ದಳು, ಜೋರಾಗಿ ಮಾತಾಡುತ್ತಿರಲಿಲ್ಲ. ನಾನು ಜೋರಾಗಿ ಮಾತಾಡುತ್ತಿದ್ದೆ. ಗುಂಪಿನಲ್ಲಿ ಅಷ್ಟೇ ಸಾಕಿತ್ತು.

ಪ್ರಾಜೆಕ್ಟ್ ಹೊಸನಗರದ ಯಶೋದಕ್ಕನ ಅಡುಗೆಮನೆ. ಅವರು ಹಲಸಿನಕಾಯಿ, ಬಾಳೆಕಾಯಿ ಚಿಪ್ಸ್ ಮಾಡಿ ಅಂಗಡಿಗಳಿಗೆ ಕೊಡುವವರು. ಮರದ ಖರ್ಚು ಅವರ ಗಂಡನದು, ಕೆಲಸ ನಮ್ಮದು. ಬೆಳಕು ಬೀಳುವುದು ಒಂದೇ ಕಿಟಕಿಯಿಂದ. ಅದರ ಕೆಳಗೆ ನೆಲದ ಮೇಲೆ ಮೆಟ್ಟುಕತ್ತಿ, ಅಂದರೆ ಈಳಿಗೆಮಣೆ, ಇಟ್ಟು, ಅದರ ಹಲಗೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಎರಡೂ ಕೈಯಿಂದ ಕಾಯಿ ಹೆಚ್ಚುತ್ತಿದ್ದರು. ಅಳತೆ ತೆಗೆಯಲು ಹೋದಾಗ ನಾನೇ ಅದನ್ನು ಕಣ್ಣಾರೆ ನೋಡಿದ್ದೆ. ಟೇಪ್ ಹಿಡಿಯಬೇಕಿತ್ತು, ಅವರಿಗೆ ಪಕ್ಕಕ್ಕೆ ಸರಿಯಿರಿ ಅಂದಿದ್ದೆ.

ಡ್ರಾಯರ್ ಚೆನ್ನಾಗಿಯೇ ಬಂತು, ಬೆರಳು ತಾಗಿಸಿದರೆ ಸಾಕು ಜಾರುತ್ತಿತ್ತು. ಮೇಡಂ ಕ್ಲಾಸಿನಲ್ಲಿ ಅದರ ಫೋಟೋ ಹಾಕಿ ನನ್ನನ್ನು ಎದ್ದು ನಿಲ್ಲಿಸಿದರು. ನಯನಾ ಚಪ್ಪಾಳೆ ತಟ್ಟಿದಳು.

ಮಳೆಗಾಲದಲ್ಲಿ ಒಂದು ಹಿಡಿಕೆ ಸಡಿಲವಾಗಿದೆ ಎಂದು ಫೋನ್ ಬಂತು. ಹೋದೆ, ನಯನಾಳೂ ಜೊತೆಗೆ ಬಂದಳು. ಯಶೋದಕ್ಕ ಹಿತ್ತಲ ಬಾಗಿಲ ಹೊಸ್ತಿಲ ಹತ್ತಿರ ಕೂತು ಹೆಚ್ಚುತ್ತಿದ್ದರು. ಬೆನ್ನಿಗೆ ಮಳೆಯ ಇರಚಲು ಹೊಡೆಯುತ್ತಿತ್ತು. ನಿಂತು ಚಾಕುವಿನಲ್ಲಿ ಹೆಚ್ಚಲು ನೋಡಿದ್ದರಂತೆ. ಬೆರಳಿಗೆ ಬಟ್ಟೆ ಸುತ್ತಿತ್ತು.

“ಒಳಗೆ ಕತ್ಲೆ ತಮ್ಮಾ. ಬೆಳಕಿರೋ ಕಡೆ ನಿನ್ ಡ್ರಾಯರ್ ಕೂತಿದ್ಯಲ್ಲ,” ಎಂದು ನಕ್ಕರು.

ಬ್ಯಾಗಿನಿಂದ ಸ್ಕ್ರೂಡ್ರೈವರ್ ತೆಗೆದೆ. “ಈಗ್ಲೇ ಬಿಚ್ಚಿ ಹಾಕ್ತೀನಿ ಅಕ್ಕಾ.”

“ಬ್ಯಾಡ ಬ್ಯಾಡ. ನಮ್ಮನೆಯವ್ರು ಬಂದೋರಿಗೆಲ್ಲ ಅದನ್ನೇ ತೋರಿಸ್ತಾರೆ. ಬಿಚ್ಚಿದ್ರೆ ನಂಗೆ ಬೈತಾರೆ. ಹಿಡಿಕೆ ಒಂದು ಬಿಗಿ ಮಾಡಿ, ಚಾ ಕುಡ್ದು ಹೋಗಿ.”

ಹಿಡಿಕೆ ಬಿಗಿ ಮಾಡಿದೆ. ಚಾ ಕುಡಿಯಲಾಗಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ನಯನಾಳಿಗೆ ಹೇಳಿದೆ: “ನೀನು ಹೇಳಿದ್ದೇ ಸರಿ ಇತ್ತು.”

“ನಂಗೆ ಹೇಳಿ ಎಂತ ಆಗ್ಬೇಕು? ಮಳೇಲಿ ನೆನೀತಾ ಇರೋದು ನಾನಲ್ಲ.”

ಈಗ ಯಾರ ಅಡುಗೆಮನೆಗೆ ಹೋದರೂ ಟೇಪ್ ಬಿಚ್ಚುವ ಮೊದಲು “ನೀವು ಎಲ್ಲಿ ಕೂರ್ತೀರಿ?” ಎಂದು ಕೇಳುತ್ತೇನೆ. ಅದರಿಂದ ಯಶೋದಕ್ಕನಿಗೆ ಏನೂ ಉಪಯೋಗ ಆಗಿಲ್ಲ. ಡ್ರಾಯರ್ ಇನ್ನೂ ಕಿಟಕಿ ಕೆಳಗೇ ಇದೆ, ಅವರು ಹೊಸ್ತಿಲ ಹತ್ತಿರ ಇದ್ದಾರೆ. ಇಷ್ಟೇ.