ಹತ್ತು ಗಂಟೆಯ ಅಲಸಂದೆ

ಮನೆಮನೆಗೆ ಹೋಗಿ ಯಾರು ಏನು ಉಣ್ಣುತ್ತಾರೆಂದು ಬರೆದುಕೊಳ್ಳುವ ಕೆಲಸ ನನ್ನದು. ಫಾರಮ್ಮಿನಲ್ಲಿ ತಿಂಡಿ, ಊಟ ಅಂತ ಎರಡೇ ಕಾಲಂ. ಕರಾವಳಿಯ ನಾವುಂದದಲ್ಲಿ ಹೆಂಗಸೊಬ್ಬರು ಬೆಳಗಿನ ಮೀನು ಮಾರಿ ಬಂದು, ಅಲಸಂದೆ ಕಾಳಿನ ಗಸಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕುತ್ತಿದ್ದರು.

"ಇದು ತಿಂಡಿಯೋ ಊಟವೋ?" ಎಂದೆ.

"ಎರಡೂ ಅಲ್ಲ. ಇದ್ ಹತ್ ಗಂಟಿ ಗಂಜಿ. ತಿಂಡಿ ಅಂದೇಳಿ ಬರದ್ರೆ ನಾನ್ ಸೈನ್ ಹಾಕ್ತಿಲ್ಲೆ."

"ಬೇರೆ ಕಾಲಂ ಇಲ್ಲವಲ್ಲ ಅಕ್ಕ."

"ಹ್ವಾಯ್, ಮೊದ್ಲ್ ಉಣ್ಣಿ, ಕಡಿಕೆ ಬರೀಲಕ್" ಎಂದು ಕುಚ್ಚಲಕ್ಕಿ ಗಂಜಿಯ ಮೇಲೆ ಬಿಸಿ ಗಸಿ ಸುರಿದೇಬಿಟ್ಟರು.

ಎರಡು ಬಟ್ಟಲು ಮುಗಿಸಿದ ಮೇಲೆ ಸ್ಕೇಲು ಇಟ್ಟು ಮೂರನೇ ಕಾಲಂ ಎಳೆದೆ. "ಹತ್ತು ಗಂಟೆ ಗಂಜಿ" ಎಂದು ಬರೆದೆ. ಅವರು ಸೈನ್ ಹಾಕಿದರು.

ಸೂಪರ್‌ವೈಸರ್ ತಿದ್ದಿಕೊಡಿ ಎಂದು ಫಾರಮ್ಮನ್ನು ವಾಪಸು ಕೊಟ್ಟರು. ತಿದ್ದಲಿಲ್ಲ. ಉಂಡವನು ನಾನು, ಅವರಲ್ಲ.